ಎರಡನೆಯದನ್ನು ದಾಟಿ ಹೋಗಬೇಡಿ

ಆಕ್ಸ್‌ಫರ್ಡ್
ನವೆಂಬರ್ 11

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳ ಸಾದರ ನಮಸ್ಕಾರಗಳು.

ನಾನಿಲ್ಲಿ ಕ್ಷೇಮವಾಗಿದ್ದೇನೆ. ನೀವೂ ಅಮ್ಮನೂ ಕ್ಷೇಮವೆಂದು ಮೊನ್ನೆ ಫೋನಿನಲ್ಲಿ ತಿಳಿಯಿತು. ಅಂದು ಅಮ್ಮ ಫೋನನ್ನು ನಿಮ್ಮ ಕೈಗೆ ಕೊಟ್ಟಾಗ ನೀವು ಆಡಿದ ಎರಡು ಮಾತುಗಳೇ ಈ ಪತ್ರಕ್ಕೆ ಕಾರಣ. ನಾನು ಬಿಟ್ಟುಬಂದ ಪುಸ್ತಕಗಳಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೊದಲ ಸಂಪುಟವನ್ನು ಓದಿ ಮುಗಿಸಿದೆ ಎಂದಿರಿ. ಎರಡನೆಯದು ಕಪಾಟಿನಲ್ಲಿ ಕಾಣುತ್ತಿಲ್ಲ, ಮೂರನೆಯದು ಇದೆ, ಅದನ್ನೇ ಹಿಡಿಯುತ್ತೇನೆ, ನಡುವೆ ಏನಾಯಿತೆಂಬುದು ಹೇಗೂ ತಿಳಿಯುತ್ತದೆ ಎಂದೂ ಹೇಳಿದಿರಿ. ಮೊದಲನೆಯ ಮಾತಿನಿಂದ ಆದ ಸಂತೋಷವನ್ನು ಎರಡನೆಯ ಮಾತು ಅಲ್ಲಿಯೇ ನುಂಗಿಹಾಕಿತು. ಆ ಪುಸ್ತಕ ಕಪಾಟಿನಲ್ಲಿ ಇಲ್ಲದಿರುವುದಕ್ಕೆ ನಾನೇ ಹೊಣೆ. ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಯ ತೂಕ ಮಿತಿಮೀರಿ, ಮೂರರಲ್ಲಿ ಒಂದನ್ನು ಮಾತ್ರ ಒಯ್ಯಬಹುದೆಂದಾದಾಗ, ಕೈ ತಾನಾಗಿ ನಡುವಿನದಕ್ಕೇ ಹೋಯಿತು. ಅದನ್ನೇ ಈಗ ಕಳುಹಿಸುತ್ತಿದ್ದೇನೆ. ಈ ಪತ್ರ ಅದರ ರಟ್ಟಿನೊಳಗೇ ಇರುತ್ತದೆ. ಮೂರನೆಯದನ್ನು ದಯವಿಟ್ಟು ಈಗಲೇ ತೆರೆಯಬೇಡಿ. ತೆರೆದಿದ್ದರೆ ಮುಚ್ಚಿಡಿ.

ಕಥೆಯನ್ನು ಮುಂದಾಗಿ ಹೇಳಿ ರುಚಿ ಕೆಡಿಸಿದಳೆಂದು ಬೇಸರಿಸುವವರು ನೀವಲ್ಲ. ರಾವಣ ಸಾಯುತ್ತಾನೆಂದು ಗೊತ್ತಿದ್ದೂ ರಾಮಾಯಣ ಕೇಳುವುದನ್ನು ಯಾರು ಬಿಟ್ಟಿದ್ದಾರೆ ಎಂದು ನೀವೇ ಕೇಳುತ್ತಿದ್ದಿರಿ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಮೂರನೆಯ ಸಂಪುಟದ ಗುಟ್ಟನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಈ ಎರಡನೆಯ ಸಂಪುಟ ‘ದಿ ಟೂ ಟವರ್ಸ್’ ಮೊದಲ ಸಲ ಅಚ್ಚಾಗಿ ಹೊರಬಂದದ್ದು 1954ರ ನವೆಂಬರ್ 11ರಂದು, ಅಂದರೆ ಇದೇ ದಿನ. ಟೋಲ್ಕಿನ್ ಅವರು ಬರೆದದ್ದು ಒಂದೇ ಕಥೆ. ಅದರೊಳಗೆ ಆರು ಭಾಗಗಳಿದ್ದವು. ಯುದ್ಧದ ನಂತರದ ಆ ವರ್ಷಗಳಲ್ಲಿ ಕಾಗದ ದುಬಾರಿಯಾಗಿದ್ದುದರಿಂದ ಪ್ರಕಾಶಕರು ಅದನ್ನು ಮೂರಾಗಿ ಕತ್ತರಿಸಿದರು. ಮೊದಲನೆಯದು ಜುಲೈನಲ್ಲಿ, ಎರಡನೆಯದು ನವೆಂಬರಿನಲ್ಲಿ, ಮೂರನೆಯದು ಮರುವರ್ಷದ ಅಕ್ಟೋಬರಿನಲ್ಲಿ ಬಂದವು. ಹೀಗಾಗಿ ನಡುವಿನ ಸಂಪುಟಕ್ಕೆ ಹುಟ್ಟಿನಿಂದಲೇ ತಲೆಯೂ ಇಲ್ಲ, ಕಾಲೂ ಇಲ್ಲ. ಅದು ಒಂದು ಸಾವಿನಿಂದ ಆರಂಭವಾಗುತ್ತದೆ, ಒಬ್ಬನ ಸೆರೆಯಲ್ಲಿ ನಿಂತುಬಿಡುತ್ತದೆ. ಇದನ್ನು ಮೊದಲನೆಯದರಿಂದ ಮೂರನೆಯದಕ್ಕೆ ದಾಟಿಸುವ ಸೇತುವೆ ಎಂದು ಹಲವರು ಕರೆಯುವುದನ್ನು ಕೇಳಿದ್ದೇನೆ. ಹತ್ತಕ್ಕೂ ಹೆಚ್ಚು ಸಲ ಓದಿದ ಮೇಲೆಯೂ ನಾನು ಅದನ್ನು ಒಪ್ಪಲಾರೆ.

ನೀವು ಮೊದಲ ಸಂಪುಟವನ್ನು ಮುಗಿಸಿದ ಗಳಿಗೆಯನ್ನು ನೆನಪಿಸಿಕೊಳ್ಳಿ. ಶತ್ರುವಿನ ಉಂಗುರವನ್ನು ನಾಶಮಾಡಲು ಹೊರಟ ಒಂಬತ್ತು ಮಂದಿಯ ಆ ಕೂಟ ಒಡೆದುಹೋಗಿದೆ. ಹಿರಿಯನಾದ ಗ್ಯಾಂಡಾಲ್ಫ್ ಪಾತಾಳಕ್ಕೆ ಬಿದ್ದಿದ್ದಾನೆ. ಉಂಗುರ ಹೊತ್ತ ಫ್ರೋಡೊ ಮತ್ತು ಅವನ ಜೊತೆಗಾರ ಸ್ಯಾಮ್ ದೋಣಿಯೇರಿ ನದಿಯ ಆಚೆ ದಡಕ್ಕೆ ಹೋಗಿದ್ದಾರೆ. ಇಲ್ಲಿಂದ ಮುಂದೆ ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲ. ತಾನು ಮಾಡುತ್ತಿರುವುದರಿಂದ ಏನಾದರೂ ಪ್ರಯೋಜನವಾಗುತ್ತಿದೆಯೇ ಎಂದು ತಿಳಿಯುವ ದಾರಿಯೇ ಇಲ್ಲದೆ ಪ್ರತಿಯೊಬ್ಬನೂ ತನಗೆ ಸರಿಯೆಂದು ತೋರಿದ್ದನ್ನು ಮಾಡಬೇಕಾಗುತ್ತದೆ. ಆರಂಭಕ್ಕೆ ಹುರುಪಿರುತ್ತದೆ, ಅಂತ್ಯಕ್ಕೆ ಫಲವಿರುತ್ತದೆ. ಇವೆರಡೂ ಇಲ್ಲದ ಹೊತ್ತಿನಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಇಷ್ಟು ಉದ್ದಕ್ಕೆ, ಇಷ್ಟು ತಾಳ್ಮೆಯಿಂದ ತೋರಿಸಿದ ಇನ್ನೊಂದು ಕಥೆಯನ್ನು ನಾನು ಓದಿಲ್ಲ.

ಇದಕ್ಕಾಗಿ ಟೋಲ್ಕಿನ್ ಮಾಡಿರುವ ಒಂದು ಏರ್ಪಾಡು ನೋಡಿ. ಈ ಸಂಪುಟದಲ್ಲಿ ಎರಡು ಭಾಗಗಳಿವೆ. ಮೊದಲ ಭಾಗದ 11 ಅಧ್ಯಾಯಗಳಲ್ಲಿ ಫ್ರೋಡೊ ಒಮ್ಮೆಯೂ ಕಣ್ಣಿಗೆ ಬೀಳುವುದಿಲ್ಲ. ಎರಡನೆಯ ಭಾಗದ 10 ಅಧ್ಯಾಯಗಳಲ್ಲಿ ಅವನು ಮತ್ತು ಸ್ಯಾಮ್ ಬಿಟ್ಟರೆ ಹಳೆಯ ಕೂಟದವರು ಯಾರೂ ಬರುವುದಿಲ್ಲ. ಎರಡೂ ಹೆಚ್ಚುಕಡಿಮೆ ಅವೇ ದಿನಗಳಲ್ಲಿ ನಡೆಯುತ್ತವೆ. ಸಾಮಾನ್ಯ ಲೇಖಕನಾಗಿದ್ದರೆ ಇತ್ತ ಒಂದು ಅಧ್ಯಾಯ, ಅತ್ತ ಒಂದು ಅಧ್ಯಾಯ ಎಂದು ಹೆಣೆದುಬಿಡುತ್ತಿದ್ದ. 2002ರ ಚಲನಚಿತ್ರದಲ್ಲಿ ಹಾಗೆಯೇ ಹೆಣೆದಿದ್ದಾರೆ. ಅದು ನೋಡಲು ಚೆನ್ನಾಗಿಯೇ ಇದೆ. ಆದರೆ ಫ್ರೋಡೊ ಬದುಕಿದ್ದಾನೆಂದು ನೋಡುವವನಿಗೆ ಆಗಾಗ ತಿಳಿಯುತ್ತಲೇ ಇರುವುದರಿಂದ, ಕೂಟದಲ್ಲಿ ಉಳಿದವರ ಮುಂದಾಳಾದ ಆರಗೋರ್ನನ ಆತಂಕವನ್ನು ಅವನು ಹಂಚಿಕೊಳ್ಳಲಾರ. ಪುಸ್ತಕದಲ್ಲಿ ಓದುಗನೂ ಆರಗೋರ್ನನಷ್ಟೇ ಕತ್ತಲಲ್ಲಿರುತ್ತಾನೆ. ಉಂಗುರ ಹೊತ್ತವನನ್ನು ಅವನ ಪಾಡಿಗೆ ಬಿಟ್ಟು, ಶತ್ರುಗಳು ಹೊತ್ತೊಯ್ದ, ಯಾವ ಮಹತ್ವವೂ ಇಲ್ಲದಂತೆ ತೋರುವ ಕೂಟದ ಇಬ್ಬರು ಎಳೆಯರನ್ನು ಬಿಡಿಸಿಕೊಳ್ಳಲು ಅವನು ನಾಲ್ಕು ದಿನ ತುಂಬುವುದರೊಳಗೆ 45 ಲೀಗ್ ಓಡುತ್ತಾನೆ. ನಮ್ಮ ಲೆಕ್ಕದಲ್ಲಿ ಅದು 200 ಕಿಲೋಮೀಟರಿಗೂ ಹೆಚ್ಚು. ಆ ಆಯ್ಕೆ ಸರಿಯೋ ತಪ್ಪೋ ಎಂಬುದು ಓಡುವಾಗ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಆ ಇಬ್ಬರು ಎಳೆಯರು ಕಾಡಿನಲ್ಲಿ ಭೇಟಿಯಾಗುವ ಟ್ರೀಬಿಯರ್ಡ್ ನಿಮಗೆ ಖಂಡಿತ ಹಿಡಿಸುತ್ತಾನೆ. ಅವನು ಮರಗಳನ್ನು ಕಾಯುವವನು. ಕಾಯುತ್ತ ಕಾಯುತ್ತ ತಾನೇ ಮುಕ್ಕಾಲು ಪಾಲು ಮರವಾದವನು. ಅವಸರದ ಜನರೆಂದರೆ ಅವನಿಗೆ ಆಗದು. ಯುದ್ಧಕ್ಕೆ ಹೋಗಬೇಕೇ ಬೇಡವೇ ಎಂದು ತೀರ್ಮಾನಿಸಲು ಅವನ ಕುಲದವರು ಸಭೆ ಸೇರುತ್ತಾರೆ. ಎಷ್ಟೋ ಹೊತ್ತಿನ ನಂತರ ಅವನು ಹೊರಬಂದು, ನೀವಿಬ್ಬರು ಶತ್ರುಗಳ ಜಾತಿಗೆ ಸೇರಿದವರಲ್ಲವೆಂದು ಸಭೆ ಒಪ್ಪಿದೆ, ಹಳೆಯ ಪಟ್ಟಿಯಲ್ಲಿ ನಿಮಗಾಗಿ ಒಂದು ಹೊಸ ಸಾಲನ್ನು ಸೇರಿಸುವುದೆಂದೂ ಆಗಿದೆ, ನಮ್ಮ ಸಭೆಗೆ ಇದು ಬಹಳ ಬೇಗನೆ ಆದ ಕೆಲಸ ಎನ್ನುತ್ತಾನೆ. ನೀವು ಕಚೇರಿಯ ಸಭೆಗಳಿಂದ ಮನೆಗೆ ಬಂದು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದುದು ನೆನಪಾಗಿ ಇಲ್ಲಿ ಒಬ್ಬಳೇ ಕುಳಿತು ನಕ್ಕಿದ್ದೇನೆ. ಆದರೆ ಮೂರನೆಯ ದಿನ ಆ ಸಭೆ ಮುಗಿದು, ಕಾಡೇ ಎದ್ದು ಶತ್ರುವಿನ ಕೋಟೆಯಾದ ಐಸೆಂಗಾರ್ಡಿನತ್ತ ಹೆಜ್ಜೆ ಹಾಕುವ ಪುಟಕ್ಕೆ ಬಂದಾಗ ನಗು ನಿಲ್ಲುತ್ತದೆ. ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ನಲ್ಲಿ ಕಾಡು ನಡೆದು ಬರುತ್ತದೆಂದು ಹೇಳಿ, ಕಡೆಗೆ ಸೈನಿಕರು ಕೊಂಬೆ ಹಿಡಿದು ಬಂದದ್ದನ್ನಷ್ಟೇ ತೋರಿಸಿದ್ದು ಟೋಲ್ಕಿನ್ ಅವರಿಗೆ ಬಾಲ್ಯದಲ್ಲಿ ತೀರ ನಿರಾಸೆ ತಂದಿತ್ತಂತೆ. ಆ ಸಾಲವನ್ನು ಇಲ್ಲಿ ಬಡ್ಡಿಸಮೇತ ವಸೂಲು ಮಾಡಿಕೊಂಡಿದ್ದಾರೆ.

ನನ್ನದೊಂದು ತಕರಾರೂ ಇದೆ, ಮುಚ್ಚಿಡುವುದಿಲ್ಲ. ಟ್ರೀಬಿಯರ್ಡನ ಕುಲದ ಹೆಂಗಸರು ಯುಗಗಳ ಹಿಂದೆಯೇ ಕಳೆದುಹೋಗಿದ್ದಾರೆ. ರೋಹನ್ ದೇಶದ ಎಯೊವಿನ್ ಕತ್ತಿ ಹಿಡಿದು ಬಾಗಿಲಲ್ಲಿ ನಿಂತು, ದಂಡು ಹೊರಟದ್ದನ್ನು ನೋಡುತ್ತ ಉಳಿಯುತ್ತಾಳೆ. ಇನ್ನುಳಿದ ಹೆಣ್ಣೆಂದರೆ ಗುಹೆಯೊಳಗಿನ ರಾಕ್ಷಸ ಜೇಡ. ಇಷ್ಟು ದೊಡ್ಡ ಪುಸ್ತಕದಲ್ಲಿ ಇಷ್ಟೇ. ಬಾಗಿಲಲ್ಲಿ ನಿಂತ ಆ ಹುಡುಗಿಯ ಚಿತ್ರ ಮನಸ್ಸಿನಿಂದ ಮಾಸದಂತೆ ಬರೆದಿದ್ದಾರೆಂಬುದನ್ನೂ ಹೇಳಲೇಬೇಕು.

ಹೆಸರಿನ ಎರಡು ಗೋಪುರಗಳು ಯಾವುವೆಂದು ತಲೆ ಕೆಡಿಸಿಕೊಳ್ಳಬೇಡಿ. ಆರ್ಥಾಂಕ್ ಮತ್ತು ಮಿನಾಸ್ ಮೊರ್ಗುಲ್ ಎಂದು ಟೋಲ್ಕಿನ್ ಒಂದು ಕಡೆ ಬರೆದರು, ಇನ್ನೊಂದು ಕಡೆ ಬೇರೆ ಜೋಡಿಯನ್ನು ಹೇಳಿದರು. ಕತ್ತರಿಸಿದ ತುಂಡಿಗೆ ಒಂದು ಹೆಸರು ಬೇಕಿತ್ತು, ಇಟ್ಟರು.

ಈಗ ಎರಡನೆಯ ಭಾಗದ ಮಾತು. ಕಳೆದ ಭಾನುವಾರ ಇಲ್ಲಿನ ನಾರ್ತ್‌ಮೂರ್ ರಸ್ತೆಯ 20ನೆಯ ಮನೆಯ ಮುಂದೆ ಹೋಗಿ ನಿಂತಿದ್ದೆ. 1930ರಿಂದ 1947ರವರೆಗೆ ಅವರು ಅಲ್ಲಿ ವಾಸವಾಗಿದ್ದರೆಂದು ಹೇಳುವ ನೀಲಿ ಬಿಲ್ಲೆಯೊಂದು ಗೋಡೆಯ ಮೇಲಿದೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಅವರ ಮಗ ಕ್ರಿಸ್ಟೋಫರ್ ವಾಯುಪಡೆ ಸೇರಿ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದ. ಬಹುಕಾಲದಿಂದ ನಿಂತುಹೋಗಿದ್ದ ಕಥೆಯನ್ನು ತಂದೆ 1944ರಲ್ಲಿ ಮತ್ತೆ ಕೈಗೆತ್ತಿಕೊಂಡು, ಫ್ರೋಡೊ ಶತ್ರುವಿನ ನಾಡಾದ ಮೊರ್ಡೋರಿನತ್ತ ನಡೆಯುವ ಈ ಅಧ್ಯಾಯಗಳನ್ನು ಬರೆದಂತೆಲ್ಲ ಧಾರಾವಾಹಿಯಾಗಿ ಮಗನಿಗೆ ಕಳುಹಿಸಿದರು. ಆ ವರ್ಷದ ಮೇ ತಿಂಗಳ ಒಂದು ಪತ್ರದಲ್ಲಿ, ಫಾರಮಿರ್ ಎಂಬ ಹೊಸಬನೊಬ್ಬ ಕಥೆಯೊಳಗೆ ಬಂದಿದ್ದಾನೆ, ಅವನನ್ನು ನಾನು ಕಲ್ಪಿಸಿದವನಲ್ಲ, ಬೇಕೆಂದವನೂ ಅಲ್ಲ, ಕಾಡಿನೊಳಗೆ ತಾನಾಗಿ ನಡೆದು ಬಂದ ಎಂದು ಮಗನಿಗೆ ಹೇಳಿಕೊಂಡಿದ್ದಾರೆ. ಅಂದು ತಂದೆಯಿಂದ ದೂರದ ಮಗನಿಗೆ ಹೋದ ಪುಟಗಳು ಇಂದು ದೂರದ ಮಗಳಿಂದ ತಂದೆಗೆ ಬರುತ್ತಿವೆ ಎಂದು ಆ ಮನೆಯ ಮುಂದೆ ನಿಂತಾಗ ಅನ್ನಿಸಿತು.

ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಇಲ್ಲಿ ಎರಡು ನಿಮಿಷಗಳ ಮೌನವಿತ್ತು. ಮೊದಲ ಮಹಾಯುದ್ಧ ನಿಂತದ್ದು 1918ರ ಈ ದಿನ, ಈ ಗಳಿಗೆಯಲ್ಲಿ. ಮಡಿದ ಯೋಧರ ನೆನಪಿಗೆ ಎಲ್ಲರ ಕೋಟಿನ ಮೇಲೂ ಕೆಂಪು ಕಾಗದದ ಗಸಗಸೆ ಹೂವು. ಟೋಲ್ಕಿನ್ 1916ರಲ್ಲಿ ಫ್ರಾನ್ಸಿನ ಸೋಮ್ ಕದನದಲ್ಲಿದ್ದರು; ಆ ಯುದ್ಧ ಮುಗಿಯುವ ಹೊತ್ತಿಗೆ ಅವರ ಆಪ್ತ ಗೆಳೆಯರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ತೀರಿಕೊಂಡಿದ್ದರು. ಈ ಸಂಪುಟದಲ್ಲಿ ಒಂದು ಜೌಗು ನೆಲ ಬರುತ್ತದೆ. ಹಿಂದೆಂದೋ ನಡೆದ ಕದನದಲ್ಲಿ ಸತ್ತವರ ಮುಖಗಳು ಅಲ್ಲಿನ ಕಪ್ಪು ನೀರಿನ ತಳದಲ್ಲಿ ಇನ್ನೂ ಕಾಣುತ್ತವೆ. ನಮ್ಮವರದೂ ಶತ್ರುಗಳದೂ ಅಕ್ಕಪಕ್ಕದಲ್ಲೇ. ಸ್ಯಾಮ್ ಎಡವಿ ಬಿದ್ದು, ಮುಖ ನೀರಿಗೆ ತಾಗುವಷ್ಟು ಹತ್ತಿರವಾದಾಗ ಅವುಗಳನ್ನು ಕಾಣುತ್ತಾನೆ. ಆ ನೆಲಕ್ಕೂ ಸೋಮ್ ಕದನದ ನಂತರದ ಉತ್ತರ ಫ್ರಾನ್ಸಿಗೂ ಏನೋ ನಂಟಿದೆಯೆಂದು ಟೋಲ್ಕಿನ್ ಮುಂದೆ ಒಂದು ಪತ್ರದಲ್ಲಿ ಒಪ್ಪಿಕೊಂಡರು. ಮೌನದ ಹೊತ್ತಿನಲ್ಲಿ ನನಗೆ ಆ ಪುಟದ ಹೊರತು ಇನ್ನೇನೂ ನೆನಪಾಗಲಿಲ್ಲ.

ಅಷ್ಟೇ ತೀವ್ರವಾದ ಇನ್ನೊಂದು ಸಾಲಿದೆ. ಮೊಲದ ಮಾಂಸ ಬೇಯಿಸಲು ಸ್ಯಾಮ್ ಹೊತ್ತಿಸಿದ ಬೆಂಕಿಯ ಹೊಗೆಯಿಂದಾಗಿ ಅವನೂ ಫ್ರೋಡೊನೂ ಫಾರಮಿರನ ಜನರ ಕೈಗೆ ಸಿಕ್ಕಿರುತ್ತಾರೆ. (ಸ್ಯಾಮ್ ಅಷ್ಟು ದೂರದಿಂದ ಹೊತ್ತು ತಂದ ಆ ಅಡುಗೆಯ ಪಾತ್ರೆಗಳನ್ನು ನೆನಪಿಟ್ಟುಕೊಳ್ಳಿ, ಏಕೆಂದು ಈಗ ಹೇಳುವುದಿಲ್ಲ.) ಸುತ್ತ ಕಾಳಗ ನಡೆದಿದೆ. ಶತ್ರುಪಕ್ಷದ ಯೋಧನೊಬ್ಬ ಕುತ್ತಿಗೆಗೆ ಬಾಣ ನಾಟಿ ಸ್ಯಾಮ್‌ನ ಮುಂದೆಯೇ ಬಂದು ಬೀಳುತ್ತಾನೆ. ಕೈಯಲ್ಲಿ ಮುರಿದ ಕತ್ತಿಯ ಹಿಡಿ ಇನ್ನೂ ಇದೆ. ಇವನ ಹೆಸರೇನು, ಎಲ್ಲಿಂದ ಬಂದ, ನಿಜಕ್ಕೂ ಕೆಟ್ಟವನೋ, ಯಾರ ಸುಳ್ಳಿಗೋ ಬೆದರಿಕೆಗೋ ಮನೆ ಬಿಟ್ಟು ಬಂದವನೋ, ಮನೆಯಲ್ಲೇ ನೆಮ್ಮದಿಯಾಗಿ ಇರಲು ಬಯಸಿದ್ದನೋ ಎಂದು ಸ್ಯಾಮ್ ಯೋಚಿಸುತ್ತಾನೆ. ಮರುಕ್ಷಣವೇ ಕಾಡನ್ನು ಸೀಳಿಕೊಂಡು ದೈತ್ಯ ಆನೆ ನುಗ್ಗಿ ಬಂದು, ಅವನೂ ನಾವೂ ಸತ್ತವನನ್ನು ಮರೆತುಬಿಡುತ್ತೇವೆ.

ಇನ್ನು ಮೆಟ್ಟಿಲುಗಳ ಅಧ್ಯಾಯ. ಅಲ್ಲಿ ನಾನು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದೇನೆ, ಕ್ಷಮಿಸಿ. ಬೆಟ್ಟದ ಕಡಿದಾದ ಮೆಟ್ಟಿಲುಗಳನ್ನು ಹತ್ತಿ ದಣಿದ ಇಬ್ಬರೂ ಬಂಡೆಯ ಸಂದಿನಲ್ಲಿ ನಿದ್ದೆಹೋಗಿದ್ದಾರೆ. ಫ್ರೋಡೊನ ತಲೆ ಸ್ಯಾಮ್‌ನ ಮಡಿಲಲ್ಲಿದೆ. ದಾರಿ ತೋರುವ ನೆಪದಲ್ಲಿ ಅವರನ್ನು ಮೋಸದಿಂದ ಸಾವಿನ ಬಾಯಿಗೆ ಒಯ್ಯುತ್ತಿರುವ ಗೊಲ್ಲಮ್ ಹಿಂದಿರುಗಿ ಬಂದು ಈ ನೋಟವನ್ನು ಕಾಣುತ್ತಾನೆ. ಅವನ ಕಣ್ಣಿನ ಹಸಿರು ಮಿಂಚು ಆರುತ್ತದೆ. ಒಮ್ಮೆ ಹಿಂದಕ್ಕೆ, ಬೆಟ್ಟದ ಕಡೆಗೆ ನೋಡಿ ತಲೆಯಾಡಿಸುತ್ತಾನೆ. ಮತ್ತೆ ಬಂದು, ನಡುಗುವ ಕೈಯನ್ನು ಮೆಲ್ಲಗೆ ಚಾಚಿ ಫ್ರೋಡೊನ ಮೊಣಕಾಲನ್ನು ಮುಟ್ಟುತ್ತಾನೆ. ಆ ಒಂದು ಕ್ಷಣ ಅವನು ಬಂಧುಬಳಗವನ್ನೆಲ್ಲ ಕಳೆದುಕೊಂಡು ಆಯುಸ್ಸಿಗಿಂತ ಹೆಚ್ಚು ಬದುಕಿ ಸವೆದ ಒಬ್ಬ ಮುದುಕ, ಅಷ್ಟೇ. ಅಷ್ಟರಲ್ಲಿ ಫ್ರೋಡೊ ನಿದ್ದೆಯಲ್ಲಿ ನರಳುತ್ತಾನೆ, ಸ್ಯಾಮ್ ಥಟ್ಟನೆ ಎದ್ದು ಗದರುತ್ತಾನೆ, ಕಳ್ಳತನದಿಂದ ನುಸುಳುತ್ತಿದ್ದೀಯಾ ಎಂದು ಮೂದಲಿಸುತ್ತಾನೆ. ಹಸಿರು ಮಿಂಚು ಮರಳುತ್ತದೆ. ಇಡೀ ಕಥೆಯಲ್ಲೇ ಬಹುಶಃ ಅತ್ಯಂತ ದುರಂತದ ಗಳಿಗೆ ಇದೆಂದು ಟೋಲ್ಕಿನ್ ಅವರೇ ಹೇಳಿದ್ದಾರೆ. ತಪ್ಪು ಮಾಡಿದ್ದು ಕೆಟ್ಟವನಲ್ಲ, ಕಥೆಯಲ್ಲೇ ಅತಿ ಒಳ್ಳೆಯವನು, ಮಾಡಿದ್ದು ಪ್ರೀತಿಯಿಂದ. ತಾನು ತಪ್ಪು ಮಾಡಿದೆನೆಂಬುದೂ ಅವನಿಗೆ ತಿಳಿಯದು. ಮೂರನೆಯದನ್ನೇ ನೇರವಾಗಿ ಹಿಡಿದರೆ ನಡುವೆ ಏನಾಯಿತೆಂಬುದು ನಿಮಗೆ ತಿಳಿದೀತು, ನಿಜ. ಗೊಲ್ಲಮ್ ದಾರಿ ತಪ್ಪಿಸಿದನೆಂದು ಒಂದು ಸಾಲಿನಲ್ಲಿ ಗೊತ್ತಾದೀತು. ಮೊಣಕಾಲಿನ ಮೇಲಿಟ್ಟ ಆ ಕೈ ಮಾತ್ರ ಸಿಗುವುದಿಲ್ಲ.

ಕೊನೆಯ ಪುಟದ ವಿಷಯದಲ್ಲಿ ಒಂದು ಎಚ್ಚರಿಕೆ. ಕಡೆಯ ಸಾಲಿನಲ್ಲಿ ಫ್ರೋಡೊ ಬದುಕಿದ್ದಾನೆ, ಆದರೆ ಶತ್ರುವಿನ ಕೈಯಲ್ಲಿದ್ದಾನೆ ಎಂದಷ್ಟೇ ಹೇಳಿ ಪುಸ್ತಕ ಮುಗಿದುಬಿಡುತ್ತದೆ. 1954ರ ಓದುಗರು ಮುಂದಿನದಕ್ಕಾಗಿ ಹನ್ನೊಂದು ತಿಂಗಳು ಕಾದರು. ನಾನು ಮೊದಲು ಓದಿದ್ದು ಗ್ರಂಥಾಲಯದ ಪ್ರತಿಯಲ್ಲಿ. ಮೂರನೆಯದನ್ನು ಯಾರೋ ಒಯ್ದಿದ್ದರಿಂದ ಮೂರು ವಾರ ಕಾದೆ, ಊಟದ ಮುಂದೆ ಮಂಕಾಗಿ ಕೂರುತ್ತಿದ್ದುದಕ್ಕೆ ಅಮ್ಮನಿಂದ ಬೈಸಿಕೊಂಡೆ. ನಿಮಗೆ ಆ ಕಷ್ಟವಿಲ್ಲ. ಆದರೂ ಈ ಪತ್ರ ತಲುಪಿದ ಕೂಡಲೇ ಮೂರನೆಯ ಸಂಪುಟವನ್ನು ಅಮ್ಮನ ಕೈಗೆ ಕೊಟ್ಟು ಬೀರುವಿನಲ್ಲಿ ಇಡಿಸಿ. ಮೆಟ್ಟಿಲಿನ ಮೇಲೆ ಗೊಲ್ಲಮ್ ಏನು ಮಾಡಿದ ಎಂದು ಅವರು ಕೇಳುತ್ತಾರೆ, ನಾನು ಹೇಳಿಕೊಟ್ಟಿದ್ದೇನೆ. ಸರಿಯಾಗಿ ಉತ್ತರಿಸಿದರೆ ಬೀಗ ತೆಗೆಯುತ್ತಾರೆ.

ಇಂತಿ,
ನಿಮ್ಮ ಪ್ರೀತಿಯ ಮಗಳು