ಕಪ್ಪು ಹಾಳೆ ಬರೀ ಚೇಷ್ಟೆಯಲ್ಲ

ಮಾನ್ಯ ಸಂಪಾದಕರೇ,

ಲಾರೆನ್ಸ್ ಸ್ಟರ್ನ್‌ನ ‘ಟ್ರಿಸ್ಟ್ರಮ್ ಶ್ಯಾಂಡಿ’ (1759–67) ಎಂಬ ಇಂಗ್ಲಿಷ್ ಕಾದಂಬರಿ ಬರೀ ಹುಡುಗಾಟ, ಅದರಲ್ಲಿ ಒಳಾರ್ಥ ಹುಡುಕಬಾರದು ಎನ್ನುವವರು ಅದರ ಹಾಳೆಗಳನ್ನೇ ಮತ್ತೊಮ್ಮೆ ನೋಡಲಿ. ಪಾದ್ರಿ ಯೋರಿಕ್ ಸತ್ತಾಗ ಹಾಳೆಯ ಎರಡೂ ಬದಿ ಪೂರ್ತಿ ಕಪ್ಪು. ಮಾತು ಸೋತಲ್ಲಿ ಶಾಯಿಯೇ ಶೋಕ. 3ನೇ ಸಂಪುಟದ ಮಾರ್ಬಲ್ ವಿನ್ಯಾಸದ (ಅಮೃತಶಿಲೆಯಂತೆ ಬಣ್ಣಗಳು ಸುಳಿಸುಳಿಯಾಗಿ ಬೆರೆತ) ಹಾಳೆಗೆ ಮೊದಲ ಮುದ್ರಣದಲ್ಲಿ ಕೈಯಿಂದಲೇ ಬಣ್ಣ ಹಿಡಿಸಿದ್ದರು. ಹಾಗಾಗಿ ಒಂದು ಪ್ರತಿಯ ಹಾಳೆ ಇನ್ನೊಂದರಂತಿರಲಿಲ್ಲ. ತನ್ನ ಕೃತಿಯ ಲಾಂಛನವೇ ಅದು ಎನ್ನುತ್ತದೆ ಕಾದಂಬರಿ. ಇಂದಿನ ಅಗ್ಗದ ಮುದ್ರಣಗಳು ಅದನ್ನು ಎಲ್ಲ ಪ್ರತಿಗಳಲ್ಲೂ ಒಂದೇ ಬೂದು ಚಿತ್ರವಾಗಿಸಿದಾಗ ಆ ಅರ್ಥವೇ ಅಳಿಸಿಹೋಗುತ್ತದೆ, ಇದು ನಿಜಕ್ಕೂ ನೋವಿನ ಸಂಗತಿ.

ಕಥೆ ಬಿಟ್ಟು ಅಲೆಯುವ ವಿಷಯಾಂತರಗಳೂ ಅಷ್ಟೇ, ಬರೀ ಚೇಷ್ಟೆಯಲ್ಲ. 4ನೇ ಸಂಪುಟದಲ್ಲಿ, ತನ್ನದೇ ಜೀವನಕಥೆ ಬರೆಯುತ್ತಿರುವ ನಿರೂಪಕ ಟ್ರಿಸ್ಟ್ರಮ್ ಲೆಕ್ಕ ಹಾಕುತ್ತಾನೆ: ವರ್ಷವಿಡೀ ಬರೆದರೂ ಬದುಕಿನ ಮೊದಲ ದಿನ ದಾಟಿಲ್ಲ, ಬರೆಯಬೇಕಾದ್ದು ಇನ್ನೂ 364 ದಿನ ಹೆಚ್ಚಿದೆ! 7ನೇ ಸಂಪುಟದಲ್ಲಿ ಸಾವು ಬಾಗಿಲು ತಟ್ಟಿದಾಗ ಅವನು ಫ್ರಾನ್ಸಿಗೆ ಓಡುತ್ತಾನೆ. ಬರೆದ ಸ್ಟರ್ನ್ ಸ್ವತಃ ಕ್ಷಯರೋಗಿ. ಕೊನೆಯ ಸಂಪುಟ ಬಂದ ಮರುವರ್ಷವೇ ತೀರಿಕೊಂಡ.

ಮೊದಲ ಸಲ ಓದುವವರು ಕಥೆಯ ಎಳೆ ಹುಡುಕಿ 1ನೇ ಸಂಪುಟದಲ್ಲೇ ಸೋಲುತ್ತಾರೆ. ಬದಲಿಗೆ ನಿರೂಪಕನ ಚಿಕ್ಕಪ್ಪ ಟೋಬಿಯನ್ನು ಹಿಂಬಾಲಿಸಿ. ನಮೂರ್ ಕೋಟೆನಗರದ (ಇಂದಿನ ಬೆಲ್ಜಿಯಂ) ಮುತ್ತಿಗೆಯಲ್ಲಿ ತೊಡೆಸಂದಿಗೆ ಗಾಯವಾದ ಆ ಸೈನಿಕ, ಅದನ್ನು ಮಾತಿನಲ್ಲಿ ವಿವರಿಸಲಾಗದೆ ನಕಾಶೆಗೆ ಮೊರೆಹೋಗಿ, ಕೊನೆಗೆ ಹುಲ್ಲಿನಂಗಳದಲ್ಲಿ ಆ ಕೋಟೆಗಳನ್ನೇ ಪುಟ್ಟದಾಗಿ ಕಟ್ಟುತ್ತಾನೆ.

– ಓರ್ವ ಓದುಗ