ಹೊಗೆ ಅಲಾರಂನ ಬಾಯಿ ಕಟ್ಟಬೇಡ

ಉಡುಪಿ

ಪ್ರೀತಿಯ ಪುಟ್ಟಾ,

ಕದ್ರಿಯ ಹೊಸ ಫ್ಲ್ಯಾಟಿನ ಫೋಟೋಗಳನ್ನು ನೋಡಿದೆ. ಚೆನ್ನಾಗಿದೆ. ಆದರೆ ಮಲಗುವ ಕೋಣೆಯ ಹೊಗೆ ಅಲಾರಂಗೆ ಪ್ಲಾಸ್ಟಿಕ್ ಮುಚ್ಚಳ ಇನ್ನೂ ಹಾಗೇ ಇದೆ ಮಾರಾಯ! ಪೈಂಟಿಂಗ್ ಮುಗಿಯುವ ತನಕ ಧೂಳು ಹೋಗದಿರಲಿ ಎಂದು ಹಾಕುವ ಮುಚ್ಚಳ ಅದು. ಈಗಲೂ ಇದ್ದರೆ ಹೊಗೆ ಒಳಗೆ ಹೋಗುವುದು ಹೇಗೆ? ಹಾಲ್‌ನಲ್ಲಿರುವುದು ಬಂಗುಡೆ ಹುರಿದಾಗೆಲ್ಲ ಕೂಗುತ್ತದೆಂದು ಬ್ಯಾಟರಿ ತೆಗೆದಿಟ್ಟಿದ್ದೀರಂತೆ. ನಿನ್ನಮ್ಮ ಹೇಳಿದಳು.

ಬೈಯುತ್ತಿಲ್ಲ. ಇಂಥ ಅಲಾರಂ ಮನೆಮನೆಯಲ್ಲೂ ಇರುವ ಅಮೆರಿಕದಲ್ಲೂ, ಬೆಂಕಿ ಬಿದ್ದಾಗ ಅದು ಸುಮ್ಮನಿದ್ದುದಕ್ಕೆ ಹೆಚ್ಚಾಗಿ ಸಿಕ್ಕುವ ಕಾರಣ ಇದೇ. ಬ್ಯಾಟರಿ ತೆಗೆದಿರುತ್ತಾರೆ, ಇಲ್ಲವೇ ಅದು ಮುಗಿದಿರುತ್ತದೆ. ಕಿರಿಕಿರಿಯಾದರೆ ಅಲಾರಂನ ಜಾಗ ಬದಲಿಸು. ಒಲೆಯಿಂದ 3 ಮೀಟರ್ ಆದರೂ ದೂರ ಇರಲಿ. ಅಡುಗೆಕೋಣೆಗೇ ಬೇಕೆಂದಿದ್ದರೆ ಹೊಗೆಗಲ್ಲ, ಬಿಸಿಗೆ ಕೂಗುವಂಥದ್ದು ಸಿಗುತ್ತದೆ.

ಹೊಗೆ ಅಲಾರಂನಲ್ಲಿ ಮುಖ್ಯವಾಗಿ ಎರಡು ತರ. ಅಯಾನೈಸೇಶನ್ ಎನ್ನುವುದರಲ್ಲಿ ಅಮೆರಿಸಿಯಂ-241 ಎಂಬ ವಿಕಿರಣ ಸೂಸುವ ಲೋಹ ಚೂರೇ ಚೂರು ಇರುತ್ತದೆ. ಅದರಿಂದ ಒಳಗಿನ ಗಾಳಿಯಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ. ಹೊಗೆ ಬಂದರೆ ಅದು ಕಡಿಮೆಯಾಗಿ ಅಲಾರಂ ಕೂಗುತ್ತದೆ. ಧಗ್ಗೆಂದು ಉರಿಯುವ ಬೆಂಕಿಗೆ ಇದು ಚುರುಕು. ಆದರೆ ಸೊಳ್ಳೆಬತ್ತಿಯ ಕಿಡಿ ಹಾಸಿಗೆಗೆ ತಾಗಿತೆನ್ನು. ಜ್ವಾಲೆ ಏಳದೆ ಒಳಗೊಳಗೇ ಹೊಗೆಯಾಡುತ್ತದೆ. ಆ ದಪ್ಪ ಹೊಗೆ ಇದಕ್ಕೆ ಗೊತ್ತಾಗುವುದು ತಡ. ಕೆಲವು ಸಲ ತುಂಬಾ ತಡ. ಮಲಗಿದವರಿಗೆ ಅಪಾಯ ಜಾಸ್ತಿ ಇರುವುದೂ ಇಂಥ ಬೆಂಕಿಯಲ್ಲೇ ಅಲ್ವಾ? ಫೋಟೋಎಲೆಕ್ಟ್ರಿಕ್ ಎನ್ನುವುದರಲ್ಲಿ ಒಳಗಿನ ಸಣ್ಣ ದೀಪದ ಬೆಳಕು ಹೊಗೆಗೆ ತಾಗಿ ಚದುರಿ ಸೆನ್ಸರ್ ಮೇಲೆ ಬಿದ್ದರೆ ಕೂಗುತ್ತದೆ. ಹೊಗೆಯಾಡುವ ಬೆಂಕಿಯನ್ನು ಇದು ಬೇಗ ಹಿಡಿಯುತ್ತದೆ, ಒಗ್ಗರಣೆಗೆ ಸುಮ್ಸುಮ್ನೆ ಕೂಗುವುದೂ ಕಡಿಮೆ. ಒಂದೇ ಕೊಳ್ಳುವುದಾದರೆ ಇದನ್ನೇ ಕೊಳ್ಳು. ಎರಡೂ ಒಟ್ಟಿಗೆ ಇರುವುದು ಸಿಕ್ಕಿದರೆ ಇನ್ನೂ ಒಳ್ಳೆಯದು.

ಫ್ಯಾನಿನ ಪಕ್ಕ ಹಾಕಿಸಬೇಡ, ಗಾಳಿ ಹೊಗೆಯನ್ನು ತಳ್ಳಿಬಿಡುತ್ತದೆ. ಗೋಡೆ ಸೀಲಿಂಗಿಗೆ ಕೂಡುವ ಮೂಲೆಯೂ ಬೇಡ. ಧೂಳು, ಜೇಡರಬಲೆ ಆಗಾಗ ತೆಗೆ. ತಿಂಗಳಿಗೊಮ್ಮೆ ಬಟನ್ ಒತ್ತು. ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಆ ಬಟನ್ ಬ್ಯಾಟರಿ, ಸದ್ದು ಸರಿ ಇದೆಯಾ ಎಂದಷ್ಟೇ ನೋಡುತ್ತದೆ, ಹೊಗೆ ಒಳಗೆ ಹೋಗುತ್ತದೆಯೇ ಎಂದಲ್ಲ. 10 ವರ್ಷವಾದರೆ ಸೆನ್ಸರನ್ನು ನಂಬಬೇಡ, ಹೊಸದು ಹಾಕಿಸು. ತಯಾರಾದ ತಾರೀಕು ಹಿಂಬದಿಯಲ್ಲಿರುತ್ತದೆ.

ಇನ್ನೊಂದು ವಿಷಯ. ಅಲಾರಂ ಕೂಗಿದರೂ ಕೇಳಬೇಕಲ್ಲ? ನೀವು ಎ.ಸಿ. ಹಾಕಿ ಬಾಗಿಲು ಮುಚ್ಚಿ ಮಲಗುವವರು. ಹಾಲ್‌ನ ಹೊಗೆ ಕೋಣೆಯ ಅಲಾರಂಗೆ ತಲುಪುವಾಗ ತಡವಾಗುತ್ತದೆ, ಹಾಲ್‌ನ ಸದ್ದು ನಿಮಗೆ ಸಣ್ಣದಾಗಿ ಕೇಳುತ್ತದೆ. ಎಷ್ಟೋ ಮಕ್ಕಳು ಆ ಕೀಚಲು ಸದ್ದಿಗೆ ಏಳದೆ ಮಲಗಿಯೇ ಇರುತ್ತಾರೆ. ಅಜ್ಜಿಯ ಕಿವಿಯ ಕತೆ ನಿನಗೆ ಗೊತ್ತೇ ಇದೆ. ಅದಕ್ಕೇ ಒಂದು ಕೂಗಿದರೆ ಎಲ್ಲವೂ ಕೂಗುವ ಹಾಗೆ ಜೋಡಿಸುವಂಥದ್ದನ್ನು ನೋಡು. ಮಗುವನ್ನು ಯಾರು ಎತ್ತಿಕೊಳ್ಳುವುದು, ಅಜ್ಜಿಯನ್ನು ಯಾರು ಎಬ್ಬಿಸುವುದು ಎಂದು ಈಗಲೇ ಮಾತಾಡಿಕೊಳ್ಳಿ. ಲಿಫ್ಟ್ ಬೇಡ, ಮೆಟ್ಟಿಲಲ್ಲೇ ಇಳಿಯಿರಿ. 101ಕ್ಕೆ ಫೋನ್ ಹೊರಗೆ ಬಂದ ಮೇಲೆ ಸಾಕು.

ಹೊಸದು ಕೊಳ್ಳುವ ಮೊದಲು ಪೆಟ್ಟಿಗೆಯ ಹಿಂಬದಿಯ ಫೋಟೋ ಕಳಿಸು. ಯಾವ ತರದ್ದೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ ಹೇಳುತ್ತೇನೆ.

ನಿನ್ನ,
ದೊಡ್ಡಪ್ಪ