ಚೀಟಿಯಲ್ಲಿ ಏನೂ ಬಾರದವರಿಗೆ ಮೊದಲ ವಂದನೆ

ಮನೆ ಕಳೆದುಕೊಂಡು ಮಕ್ಕಳೊಂದಿಗೆ ಆಶ್ರಯತಾಣ ಸೇರಿದ ಕುಟುಂಬಗಳಿಗೆ ಬಾಡಿಗೆಯ ನೆರವು ದೊರೆತರೆ ಮುಂದಿನ ವರ್ಷಗಳಲ್ಲಿ ಅವರ ಬದುಕು ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಕುರಿತ ನನ್ನ ಪಿಎಚ್‌.ಡಿ. ಪ್ರಬಂಧವು ಕಳೆದ ತಿಂಗಳು ಅಂಗೀಕಾರವಾಯಿತು. ಅಮೆರಿಕದ ಮಿನ್ನಿಯಾಪೊಲಿಸ್‌ನಿಂದಲೂ ಊರಿನಿಂದಲೂ ಶುಭಾಶಯ ಕಳಿಸಿದ ಎಲ್ಲರಿಗೂ ಒಬ್ಬೊಬ್ಬರಾಗಿ ಉತ್ತರಿಸಲು ಸಾಧ್ಯವಾಗದ ಕಾರಣ ಈ ಬರಹ. ಪ್ರಬಂಧದ ಆರಂಭದ ಪುಟದಲ್ಲಿ ಕೃತಜ್ಞತೆಗೆ ಅರ್ಧ ಪುಟದಷ್ಟೇ ಜಾಗ ಸಿಕ್ಕಿತ್ತು. ಅಲ್ಲಿ ಹೆಸರಿಸಲಾಗದ, ಹೆಸರು ಗೊತ್ತಾಗುವ ಸಾಧ್ಯತೆಯೇ ಇಲ್ಲದ ಜನರ ಋಣ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿದೆ ಎಂಬುದನ್ನು ಇಲ್ಲಿಯಾದರೂ ಬಿಡಿಸಿ ಹೇಳಬೇಕು.

ನನ್ನ ಪ್ರಬಂಧ ನಿಂತಿರುವುದು ಅಮೆರಿಕದ ಫ್ಯಾಮಿಲಿ ಆಪ್ಷನ್ಸ್ ಸ್ಟಡಿ ಎಂಬ ದೀರ್ಘ ಅಧ್ಯಯನದ ಮೇಲೆ. ಇಲ್ಲಿನ ಕೇಂದ್ರ ಸರ್ಕಾರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ಇದನ್ನು ಕೈಗೊಂಡಿತು. ಆಬ್ಟ್ ಅಸೋಸಿಯೇಟ್ಸ್ ಸಂಸ್ಥೆ ಮತ್ತು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿಕೊಟ್ಟರು. 2010ರ ಸೆಪ್ಟೆಂಬರ್‌ನಿಂದ 2012ರ ಜನವರಿಯವರೆಗೆ ಬೋಸ್ಟನ್‌, ಅಟ್ಲಾಂಟಾ, ಡೆನ್ವರ್‌, ಹೊನೊಲುಲು, ಫೀನಿಕ್ಸ್‌, ಮಿನ್ನಿಯಾಪೊಲಿಸ್ ಸೇರಿದಂತೆ 12 ಪ್ರದೇಶಗಳಲ್ಲಿ 2,282 ಕುಟುಂಬಗಳು ಇದಕ್ಕೆ ಒಪ್ಪಿ ಹೆಸರು ಕೊಟ್ಟವು. ಕನಿಷ್ಠ ಏಳು ದಿನ ತುರ್ತು ಆಶ್ರಯತಾಣದಲ್ಲಿ ಕಳೆದಿರಬೇಕು, ಜೊತೆಯಲ್ಲಿ ಹದಿನೈದು ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಗುವಿರಬೇಕು ಎಂಬುದು ನಿಯಮ. ಹೀಗೆ ಸೇರಿದ ಕುಟುಂಬಗಳಲ್ಲಿ ಹೆಚ್ಚಿನವು ಒಂಟಿ ತಾಯಂದಿರವು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಜೊತೆಗೆ ಒಂದೋ ಎರಡೋ ಮಕ್ಕಳು. ಅವರಲ್ಲಿ ಬಹುಪಾಲು ಜನ ಹಿಂದೆಯೂ ಒಮ್ಮೆಯಾದರೂ ನೆಲೆ ಕಳೆದುಕೊಂಡಿದ್ದವರು.

ಈ ಕುಟುಂಬಗಳನ್ನು ಯಾರ ಶಿಫಾರಸೂ ಇಲ್ಲದೆ, ಚೀಟಿ ಎತ್ತಿದಂತೆ, ನಾಲ್ಕು ಗುಂಪುಗಳಿಗೆ ಹಂಚಲಾಯಿತು. 599 ಕುಟುಂಬಗಳಿಗೆ ಕಾಯಂ ಬಾಡಿಗೆ ನೆರವು, ಅಂದರೆ ಹೆಚ್ಚಿನವರಿಗೆ ಸರ್ಕಾರದ ವಸತಿ ವೋಚರ್‌. ಇದರಲ್ಲಿ ಕುಟುಂಬ ತನ್ನ ಆದಾಯದ ಸುಮಾರು ಶೇ 30ರಷ್ಟನ್ನು ಬಾಡಿಗೆಗೆ ಕೊಡುತ್ತದೆ, ಉಳಿದದ್ದನ್ನು ಒಂದು ಮಿತಿಯೊಳಗೆ ಸರ್ಕಾರ ನೇರವಾಗಿ ಮಾಲೀಕರಿಗೆ ಕಟ್ಟುತ್ತದೆ. 569 ಕುಟುಂಬಗಳಿಗೆ ಹೆಚ್ಚೆಂದರೆ ಹದಿನೆಂಟು ತಿಂಗಳು ಸಿಗುವ ತಾತ್ಕಾಲಿಕ ಬಾಡಿಗೆ ನೆರವು. 368 ಕುಟುಂಬಗಳಿಗೆ ಆಪ್ತಸಲಹೆ, ತರಬೇತಿ ಮುಂತಾದ ಸೇವೆಗಳೊಂದಿಗೆ ಎರಡು ವರ್ಷದ ಮಿತಿಯುಳ್ಳ ಮಧ್ಯಂತರ ವಸತಿ. ಉಳಿದ 746 ಕುಟುಂಬಗಳಿಗೆ ಹೊಸದಾಗಿ ಏನೂ ಇಲ್ಲ: ಅವರು ಆಶ್ರಯತಾಣದಲ್ಲಿದ್ದುಕೊಂಡೇ, ಆ ಊರಿನಲ್ಲಿ ಎಂದಿನಂತೆ ಸಿಗುವ ಸಹಾಯವನ್ನು ತಾವೇ ಹುಡುಕಿಕೊಳ್ಳಬೇಕಿತ್ತು.

ಈ ವಿಷಯವನ್ನು ಅಮ್ಮನಿಗೆ ಮೊದಲ ಸಲ ಫೋನಿನಲ್ಲಿ ವಿವರಿಸಿದಾಗ ಅವರು ಕೇಳಿದ ಪ್ರಶ್ನೆಯೇ ನನ್ನ ಪ್ರಬಂಧದ ಎರಡನೆಯ ಅಧ್ಯಾಯವಾಯಿತು. ತಿಪಟೂರಿನ ಕಡೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದ ಅಮ್ಮ ನಿವೇಶನ ಹಂಚಿಕೆಯ ಲಾಟರಿಗಳನ್ನು ಕಣ್ಣಾರೆ ಕಂಡವರು. "ಅಲ್ಲ ಕಣೇ, ಮಕ್ಕಳನ್ನ ಕಟ್ಕೊಂಡು ಬೀದಿಗೆ ಬಂದೋರಿಗೂ ಚೀಟಿ ಎತ್ತೋದಾ? ಬರದೇ ಇದ್ದೋರ ಗತಿ ಏನು?" ಎಂದರು. ಸುಲಭವಾಗಿ ಸಮಾಧಾನ ಹೇಳಿ ಮುಗಿಸುವ ಪ್ರಶ್ನೆ ಅದಲ್ಲ. ಅಧ್ಯಯನ ನಡೆಸಿದವರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಅಮೆರಿಕದಲ್ಲಿ ಬಾಡಿಗೆ ನೆರವಿಗೆ ಅರ್ಹವಾದ ನಾಲ್ಕು ಕುಟುಂಬಗಳಲ್ಲಿ ಸರಿಸುಮಾರು ಒಂದಕ್ಕೆ ಮಾತ್ರ ಅದು ದೊರೆಯುತ್ತದೆ. ಉಳಿದವರು ವರ್ಷಗಟ್ಟಲೆ ಕಾಯುವ ಪಟ್ಟಿಯಲ್ಲಿರುತ್ತಾರೆ, ಎಷ್ಟೋ ಊರುಗಳಲ್ಲಿ ಆ ಪಟ್ಟಿಯ ಬಾಗಿಲೇ ಮುಚ್ಚಿರುತ್ತದೆ. ಎಲ್ಲರಿಗೂ ಸಾಲುವಷ್ಟು ಇಲ್ಲದಿರುವಾಗ, ಇರುವುದನ್ನು ಹೇಗೋ ಹಂಚಲೇಬೇಕಾದಾಗ, ಚೀಟಿಯಿಂದ ಯಾರ ಪಾಲೂ ಕಡಿಮೆಯಾಗುವುದಿಲ್ಲ. ನಾಲ್ಕನೆಯ ಗುಂಪಿನವರು ಬೇರೆ ಯಾವುದೇ ನೆರವಿಗೆ ಅರ್ಜಿ ಹಾಕಲು ತಡೆಯಿರಲಿಲ್ಲ, ಅವರಲ್ಲಿ ಕೆಲವರು ತಾವಾಗಿಯೇ ಬಾಡಿಗೆ ನೆರವನ್ನೂ ಪಡೆದುಕೊಂಡರು. ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಅಮ್ಮನ ಪ್ರಶ್ನೆಯ ಭಾರ ಅದರಿಂದ ಇಳಿಯುವುದಿಲ್ಲ, ಇಳಿಯಲೂ ಬಾರದು.

ಆದ್ದರಿಂದ ನನ್ನ ಮೊದಲ ವಂದನೆ ಆ 746 ಕುಟುಂಬಗಳಿಗೆ. ತಮಗೆ ಏನೂ ಬರದೇ ಹೋಗಬಹುದು ಎಂಬುದನ್ನು ಕೇಳಿ ತಿಳಿದ ಮೇಲೂ ಅವರು ಸಹಿ ಹಾಕಿದರು. ಬಾರದೇ ಹೋದ ಮೇಲೂ ಅವರಲ್ಲಿ ಹೆಚ್ಚಿನವರು ವರ್ಷಗಳ ನಂತರ ಮತ್ತೆ ಕುಳಿತು, ಕಳೆದ ಆರು ತಿಂಗಳಲ್ಲಿ ಎಲ್ಲೆಲ್ಲಿ ಮಲಗಿದಿರಿ, ಯಾರ ಮನೆಯಲ್ಲಿ ಜಾಗ ಹಂಚಿಕೊಂಡಿರಿ, ಮಗು ಎಷ್ಟು ಶಾಲೆ ಬದಲಿಸಿತು, ಮನೆಯಲ್ಲಿ ಊಟಕ್ಕೆ ಕೊರತೆಯಾಯಿತೇ, ಸಂಗಾತಿ ಕೈ ಮಾಡಿದರೇ ಎಂಬಂಥ ಪ್ರಶ್ನೆಗಳಿಗೆ ಉತ್ತರಿಸಿದರು. ನೆರವು ಪಡೆದವರು ತಮ್ಮ ಕಥೆ ಹೇಳುವುದು ಒಂದು ಬಗೆ. ಏನನ್ನೂ ಪಡೆಯದವರು, ತಮ್ಮಿಂದ ಇನ್ನಾರಿಗೋ ಮುಂದೆ ಒಳ್ಳೆಯದಾಗಬಹುದೆಂಬ ನಂಬಿಕೆಯಲ್ಲಿ, ತಮ್ಮ ಅತ್ಯಂತ ಕಷ್ಟದ ದಿನಗಳ ಲೆಕ್ಕವನ್ನು ಅಪರಿಚಿತರ ಮುಂದೆ ಬಿಚ್ಚಿಡುವುದು ಬೇರೆಯೇ ಬಗೆಯ ಔದಾರ್ಯ.

ಅವರು ಉತ್ತರಿಸದಿದ್ದರೆ ಈ ಅಧ್ಯಯನದಿಂದ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ವೋಚರ್ ಪಡೆದ ಕುಟುಂಬ ಮೂರು ವರ್ಷದ ಮೇಲೂ ಅದೇ ಮನೆಯಲ್ಲಿದ್ದರೆ, ಅದು ವೋಚರಿನಿಂದಲೋ ಕಾಲ ಕಳೆದಂತೆ ತಾನಾಗಿ ಆದ ಚೇತರಿಕೆಯೋ ಎಂದು ಹೇಳಲು ಹೋಲಿಸಿ ನೋಡುವ ಇನ್ನೊಂದು ಕುಟುಂಬ ಬೇಕು. ಇಪ್ಪತ್ತು ತಿಂಗಳ ನಂತರ ಎಂದಿನ ವ್ಯವಸ್ಥೆಯಲ್ಲಿದ್ದವರ ಪೈಕಿ ಹತ್ತಿರ ಹತ್ತಿರ ಅರ್ಧದಷ್ಟು ಕುಟುಂಬಗಳು ಇತ್ತೀಚಿನ ತಿಂಗಳುಗಳಲ್ಲಿ ಮತ್ತೆ ಆಶ್ರಯತಾಣದಲ್ಲೋ, ಬೀದಿಯಲ್ಲೋ, ನೆಂಟರಿಷ್ಟರ ಮನೆಯ ಮೂಲೆಯಲ್ಲೋ ದಿನ ಕಳೆದಿದ್ದವು. ಕಾಯಂ ನೆರವಿಗೆ ಆಯ್ಕೆಯಾದವರಲ್ಲಿ ಆ ಪ್ರಮಾಣ ಅದರ ಅರ್ಧಕ್ಕಿಂತಲೂ ಕಡಿಮೆ. ಅಷ್ಟೇ ಅಲ್ಲ, ಮಕ್ಕಳು ತಾಯಿಯಿಂದ ಬೇರ್ಪಡುವುದು, ಸಂಗಾತಿಯ ಹಿಂಸೆ, ತಾಯಿಯ ಮಾನಸಿಕ ಯಾತನೆ, ಶಾಲೆಯಿಂದ ಶಾಲೆಗೆ ಅಲೆದಾಟ, ಊಟದ ಅಭದ್ರತೆ, ಇವೆಲ್ಲವೂ ಇಳಿದಿದ್ದವು. ಯಾರೂ ಅವರಿಗೆ ಆಪ್ತಸಲಹೆ ಕೊಟ್ಟಿರಲಿಲ್ಲ, ಪಾಲಕರ ತರಬೇತಿ ನಡೆಸಿರಲಿಲ್ಲ. ಬಾಡಿಗೆ ಮಾತ್ರ ಕಟ್ಟಿಕೊಟ್ಟಿದ್ದರು. ಮೊದಲ ಅವಧಿಯಲ್ಲಿ ಕೆಲಸಕ್ಕೆ ಹೋಗುವವರ ಪ್ರಮಾಣ ಕೊಂಚ ತಗ್ಗಿತ್ತು ಎಂಬುದನ್ನೂ ವರದಿ ಮುಚ್ಚಿಡದೆ ಹೇಳಿದೆ. ತಾತ್ಕಾಲಿಕ ನೆರವು ಪಡೆದವರ ಸ್ಥಿತಿ ಎಂದಿನ ವ್ಯವಸ್ಥೆಯವರಿಗಿಂತ ಹೆಚ್ಚೇನೂ ಬೇರೆಯಾಗಿರಲಿಲ್ಲ, ಖರ್ಚು ಮಾತ್ರ ಕಡಿಮೆಯಾಗಿತ್ತು.

ಖರ್ಚಿನ ಮಾತು ಬಂದದ್ದರಿಂದ ಒಂದು ಲೆಕ್ಕವನ್ನು ಹೇಳಲೇಬೇಕು, ಏಕೆಂದರೆ ಊರಿನ ಸ್ನೇಹಿತರು ಬಹುಪಾಲು ಇದನ್ನೇ ಕೇಳುತ್ತಾರೆ. ಒಂದು ಕುಟುಂಬವನ್ನು ತುರ್ತು ಆಶ್ರಯತಾಣದಲ್ಲಿ ಇರಿಸಲು ತಿಂಗಳಿಗೆ ಸರಾಸರಿ 4,819 ಡಾಲರ್ ಬೇಕಾಗುತ್ತಿತ್ತು. ಮಧ್ಯಂತರ ವಸತಿಗೆ 2,706 ಡಾಲರ್‌. ಕಾಯಂ ಬಾಡಿಗೆ ನೆರವಿಗೆ 1,162 ಡಾಲರ್‌. ತಾತ್ಕಾಲಿಕ ನೆರವಿಗೆ 878 ಡಾಲರ್‌. ಕಾಯಂ ನೆರವು ಹೆಚ್ಚು ಕಾಲ ಮುಂದುವರಿಯುವುದರಿಂದ ಮೂರು ವರ್ಷದ ಒಟ್ಟು ವೆಚ್ಚ ಎಂದಿನ ವ್ಯವಸ್ಥೆಗಿಂತ ಶೇ 9ರಷ್ಟು ಹೆಚ್ಚಾಯಿತು. ಒಂದು ಮಗು ತಾಯಿಯ ಮಡಿಲಲ್ಲೇ ಉಳಿಯುವುದಕ್ಕೆ, ಒಬ್ಬ ಹೆಣ್ಣುಮಗಳು ಹೊಡೆಯುವವನ ಮನೆಗೆ ಮರಳದೇ ಇರುವುದಕ್ಕೆ ಆ ಶೇ 9 ದುಬಾರಿಯೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ, ಮತ್ತು ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ನಾನು ಅದನ್ನು ಸ್ಪಷ್ಟವಾಗಿಯೇ ಹೇಳಿದೆ.

ಎರಡನೆಯ ವಂದನೆ ಆ ಕುಟುಂಬಗಳನ್ನು ಹುಡುಕಿಕೊಂಡು ಹೋದ ಸಂದರ್ಶಕರಿಗೆ. ವಿಳಾಸವೇ ಇಲ್ಲದವರನ್ನು ಮೂರು ವರ್ಷ ಹಿಂಬಾಲಿಸುವುದೆಂದರೆ ಏನೆಂದು ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಫೋನು ನಂಬರ್ ಎರಡು ತಿಂಗಳಿಗೆ ಬದಲಾಗುತ್ತದೆ. ದುಡ್ಡು ಕಟ್ಟದೆ ಸಂಪರ್ಕ ಕಡಿತವಾಗುತ್ತದೆ. ಇದ್ದ ಊರನ್ನೇ ಬಿಟ್ಟು ಅಕ್ಕನ ಮನೆಗೋ ಹಳೆಯ ಗೆಳತಿಯ ಮನೆಗೋ ಹೋಗಿರುತ್ತಾರೆ. ದೊಡ್ಡ ಸಂದರ್ಶನಗಳ ನಡುವಿನ ಅವಧಿಯಲ್ಲೂ ಸಣ್ಣ ಸಣ್ಣ ಸಂಪರ್ಕಗಳನ್ನು ಇಟ್ಟುಕೊಂಡು, ಬಂಧುಗಳ ವಿಳಾಸ ಪಡೆದಿಟ್ಟುಕೊಂಡು ಇವರು ಇಪ್ಪತ್ತು ತಿಂಗಳಿಗೆ 1,857 ಕುಟುಂಬಗಳನ್ನೂ ಮೂವತ್ತೇಳು ತಿಂಗಳಿಗೆ 1,784 ಕುಟುಂಬಗಳನ್ನೂ ಮಾತಾಡಿಸಿದರು. ಐದರಲ್ಲಿ ಸುಮಾರು ನಾಲ್ಕು ಕುಟುಂಬಗಳು. ಸ್ಥಿರವಾದ ಮನೆಯಿದ್ದವರ ಸಮೀಕ್ಷೆಯಲ್ಲೂ ಇಷ್ಟು ಜನ ಕೊನೆಯವರೆಗೆ ಉಳಿಯುವುದು ಸುಲಭವಲ್ಲ. ವರದಿಯ ಮುಖಪುಟದಲ್ಲಿ ಇವರ ಹೆಸರಿಲ್ಲ. ಆದರೆ ಒಂದೊಂದು ಕೋಷ್ಟಕದ ಒಂದೊಂದು ಸಾಲಿನ ಹಿಂದೆಯೂ ಇವರ ನಡಿಗೆ, ಇವರ ತಾಳ್ಮೆ ಇದೆ.

ಈ ಅಧ್ಯಯನದ ಸಂಶೋಧಕರಾದ ಪ್ರೊ. ಮೇರಿಬೆತ್ ಶಿನ್‌, ಡೇನಿಯಲ್ ಗುಬಿಟ್ಸ್‌, ಮಿಶೆಲ್ ವುಡ್ ಮತ್ತು ಅವರ ಸಂಗಡಿಗರ ಬರಹಗಳಿಂದ ನಾನು ಕಲಿತದ್ದು ಅಂಕಿಅಂಶಕ್ಕಿಂತ ಹೆಚ್ಚು. ಶಿನ್ ಅವರ ತಂಡ ನ್ಯೂಯಾರ್ಕ್ ನಗರದ ಕುಟುಂಬಗಳನ್ನು ಐದು ವರ್ಷ ಅನುಸರಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ ದಿನವೇ ನನ್ನ ವಿಷಯ ನಿಶ್ಚಯವಾಯಿತು. ಸಹಾಯಧನದ ಮನೆ ಸಿಕ್ಕ ಕುಟುಂಬಗಳಲ್ಲಿ ಶೇ 80ರಷ್ಟು ನೆಲೆನಿಂತಿದ್ದವು, ಸಿಗದವುಗಳಲ್ಲಿ ಶೇ 18ರಷ್ಟು ಮಾತ್ರ. ವ್ಯಸನ, ಮನೋರೋಗ, ಓದಿನ ಕೊರತೆ ಎಂದೆಲ್ಲ ಕುಟುಂಬದೊಳಗೇ ಕಾರಣ ಹುಡುಕುತ್ತಿದ್ದ ಕಾಲದಲ್ಲಿ, ಮನೆ ಇಲ್ಲದಿರುವುದಕ್ಕೆ ಮನೆಯೇ ಪರಿಹಾರವಾಗಬಲ್ಲದು ಎಂಬುದನ್ನು ಅವರು ಲೆಕ್ಕದ ಮೂಲಕ ತೋರಿಸಿದರು. ಆದರೆ ಅದು ಚೀಟಿ ಎತ್ತಿ ಹಂಚಿದ ಅಧ್ಯಯನವಲ್ಲ. ಮನೆ ಸಿಕ್ಕವರು ಮೊದಲೇ ಭಿನ್ನರಾಗಿದ್ದಿರಬಹುದು ಎಂಬ ಸಂದೇಹಕ್ಕೆ ಜಾಗವಿತ್ತು. ತಮ್ಮದೇ ತೀರ್ಮಾನವನ್ನು ಹನ್ನೆರಡು ಪ್ರದೇಶಗಳ ದೊಡ್ಡ ಪ್ರಯೋಗದಲ್ಲಿ ಮತ್ತೆ ಪರೀಕ್ಷೆಗೆ ಒಡ್ಡಿದ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಸಂಜೆಯ ಹೊತ್ತು ಮಕ್ಕಳಿಗೆ ಮನೆಪಾಠ ಹೇಳಿಕೊಡಲು ನನಗೆ ಅವಕಾಶ ಕೊಟ್ಟ ಆಶ್ರಯತಾಣದ ಸಿಬ್ಬಂದಿಗೂ ನಾನು ಋಣಿ. ಅಲ್ಲಿ ಕೋಣೆಗೊಂದು ಕುಟುಂಬ. ಮಂಚದ ಕೆಳಗೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳಲ್ಲಿ ಬಟ್ಟೆ, ಮಕ್ಕಳ ಲಸಿಕೆ ಕಾರ್ಡು, ಹಳೆಯ ಮನೆಯ ಬಾಡಿಗೆ ಕರಾರು, ಒಂದು ಪ್ರೆಷರ್ ಕುಕ್ಕರ್‌. ಮನೆಯಿಲ್ಲದ ಮಕ್ಕಳು ಮೊದಲಿನ ಶಾಲೆಯಲ್ಲೇ ಮುಂದುವರಿಯಲು, ಅಲ್ಲಿಗೆ ವಾಹನ ಪಡೆಯಲು ಕೇಂದ್ರ ಕಾನೂನಿನಲ್ಲಿ ಹಕ್ಕಿದೆ. ಹಾಗಾಗಿ ಬೆಳಿಗ್ಗೆ ಬೇರೆ ಬೇರೆ ಶಾಲೆಗಳ ವಾಹನಗಳು ಒಂದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ವೋಚರ್ ಬಂದ ತಾಯಿಯೊಬ್ಬರು ಒಂದು ಸಂಜೆ ಊಟದ ಮೇಜಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಮನೆ ಮಾಲೀಕರಿಗೆ ಒಂದರ ಮೇಲೊಂದು ಕರೆ ಮಾಡುತ್ತಿದ್ದರು. ವೋಚರ್ ಕೈಗೆ ಬಂದ ಮೇಲೆ ಮನೆ ಹುಡುಕಲು ಮೊದಲಿಗೆ ಸಿಗುವ ಅವಧಿ ಬಹಳ ಕಡೆ ಅರವತ್ತೇ ದಿನ. "ವೋಚರಾ? ನಾವು ತೆಗೆದುಕೊಳ್ಳುವುದಿಲ್ಲ" ಎಂದ ಹೆಸರುಗಳಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಅಡ್ವಾನ್ಸ್ ಎಷ್ಟು, ಶಾಲೆ ಎಷ್ಟು ದೂರ ಎಂದು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಅಧ್ಯಯನದಲ್ಲಿ ಕಾಯಂ ನೆರವಿಗೆ ಆಯ್ಕೆಯಾದ ಹತ್ತು ಕುಟುಂಬಗಳಲ್ಲಿ ಎಂಟಕ್ಕೂ ಹೆಚ್ಚು ಕುಟುಂಬಗಳು ಅದನ್ನು ಬಳಸಿ ಮನೆ ಹಿಡಿದವು ಎಂಬ ಸಾಲನ್ನು ಓದುವಾಗಲೆಲ್ಲ ಆ ನೋಟ್‌ಬುಕ್ಕಿನ ಪುಟದ ಶ್ರಮ ನನಗೆ ಅರ್ಥವಾಗುತ್ತದೆ. ಆ ತಾಯಿಗೂ, ಅವರ ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಸುತ್ತಿದ್ದ ಕೇಸ್ ವರ್ಕರ್‌ಗೂ ನನ್ನ ನಮಸ್ಕಾರ.

ನನ್ನ ಮಾರ್ಗದರ್ಶಕರು ಪ್ರತಿ ಅಧ್ಯಾಯವನ್ನೂ ಅಕ್ಷರ ಬಿಡದೆ ಓದಿ ತಿದ್ದಿದರು. ಗ್ರಂಥಾಲಯದವರು ಹಳೆಯ ವರದಿಗಳನ್ನು ಹುಡುಕಿಕೊಟ್ಟರು. ಇಲ್ಲಿನ ಕನ್ನಡ ಗೆಳತಿಯರು ಪರೀಕ್ಷೆಯ ಹಿಂದಿನ ವಾರಗಳಲ್ಲಿ ಸಾರು ಪಲ್ಯ ಮಾಡಿ ತಂದಿಟ್ಟು, ಮಗಳನ್ನು ತಮ್ಮ ಮಕ್ಕಳೊಂದಿಗೆ ಮಲಗಿಸಿಕೊಂಡರು. ನನ್ನ ಯಜಮಾನರು ತಮ್ಮ ಕೆಲಸದ ಪಾಳಿಯನ್ನೇ ಬದಲಿಸಿಕೊಂಡರು. ಅತ್ತೆ ಮಾವ ಚಳಿಗಾಲದಲ್ಲಿ ಬಂದು ಮನೆ ನೋಡಿಕೊಂಡರು. ಅಪ್ಪ ಅಮ್ಮನಿಗೆ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ. ಆದರೂ ಆ ಪ್ರಶ್ನೆಗಾಗಿ ಅಮ್ಮನಿಗೆ ಹೇಳಿಯೇ ಹೇಳುತ್ತೇನೆ.

ಕೆಲಸ ಇಲ್ಲಿಗೆ ಮುಗಿದಿಲ್ಲ. 2024ರ ಜನವರಿಯ ಒಂದು ರಾತ್ರಿ ನಡೆದ ಎಣಿಕೆಯಲ್ಲಿ ಅಮೆರಿಕದಲ್ಲಿ 7,71,480 ಜನ ಮನೆಯಿಲ್ಲದೆ ಇದ್ದರು. ಮಕ್ಕಳಿರುವ ಕುಟುಂಬಗಳಲ್ಲಿ ಹಾಗಿದ್ದವರ ಸಂಖ್ಯೆ ಒಂದೇ ವರ್ಷದಲ್ಲಿ ಶೇ 39ರಷ್ಟು ಏರಿತ್ತು. ಯಾವ ನೆರವು ಫಲ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬ ತಿಳಿವಳಿಕೆ ಕೈಯಲ್ಲಿದ್ದೂ ಹಣ ಒದಗಿಸದಿರುವುದು ನನಗೆ ನೋವಿನ ಸಂಗತಿ. ಬೆಂಗಳೂರು, ಮೈಸೂರುಗಳಲ್ಲಿ ನಿರಾಶ್ರಿತರ ನಡುವೆ ಕೆಲಸ ಮಾಡುವ ಕೆಲವು ಸ್ನೇಹಿತರು ಈ ಅಧ್ಯಯನದ ವಿಧಾನವನ್ನು, ಅದರಲ್ಲೂ ನೆಲೆಯಿಲ್ಲದ ಕುಟುಂಬಗಳೊಂದಿಗೆ ವರ್ಷಗಟ್ಟಲೆ ಸಂಪರ್ಕ ಉಳಿಸಿಕೊಂಡ ಬಗೆಯನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿದ್ದಾರೆ. ಆ ಸಂಕ್ಷೇಪದ ಮೊದಲ ಕರಡು ಸಿದ್ಧವಾಗಿದೆ. ಓದಿ ತಿದ್ದಿಕೊಡಲು ಒಪ್ಪಿರುವ ಇಬ್ಬರು ಹಿರಿಯ ಸ್ನೇಹಿತರಿಗೆ ಮುಂಚಿತವಾಗಿಯೇ ವಂದನೆಗಳು, ಪ್ರತಿಗಳನ್ನು ಈ ವಾರವೇ ಕಳಿಸುತ್ತೇನೆ.